ಹಾಯಿದೋಣಿಗೆ ಹಬ್ಬಿದ ಖರಬೂಜ

ಇದಕ್ಕೆಲ್ಲ ಮೂಲ ಖರಬೂಜದ ಒಂದೇ ಒಂದು ಬೀಜ.

ನೌಕಾದಳದಿಂದ ನಿವೃತ್ತನಾಗಿ ಬೀದರಿನ ಚಿದ್ರಿಗೆ ಬಂದ ಸಲಾವೋದ್ದೀನ ಹಿತ್ತಲಲ್ಲಿ ಪುಟ್ಟ ಹಾಯಿದೋಣಿ ಇಟ್ಟುಕೊಂಡಿದ್ದ. ಅದರ ಹಗ್ಗ ತೊಳೆದು, ಸವೆದ ತುದಿಗೆ ದಾರ ಸುತ್ತಿ, ರಾಟೆಗೆ ಎಣ್ಣೆ ಬಿಟ್ಟು ಹಸುಗೂಸಿನಂತೆ ಸಾಕಿದ್ದ. ಇವತ್ತು ನಾಲ್ಕಕ್ಕೆ ಅಮೀರ ಪಾಶಾನ ಟೆಂಪೊದಲ್ಲಿ ಅದು ಭಾಲ್ಕಿ ಕಡೆಯ ಕಾರಂಜಾ ಹಿನ್ನೀರಿಗೆ ಹೊರಡಬೇಕು. ಅಲ್ಲಿ ಅವನ ಹಳೆಯ ಸಾಹೇಬರು ಕಾಯುತ್ತಿದ್ದರು. ಅವರೆದುರು ವರ್ಷವಿಡೀ ಫೋನಿನಲ್ಲಿ ಕೊಚ್ಚಿಕೊಂಡಿದ್ದನಲ್ಲ, ದೋಣಿ ತೇಲದಿದ್ದರೆ ಮುಖ ತೋರಿಸುವಂತಿರಲಿಲ್ಲ.

ಎರಡು ತಿಂಗಳು ಔರಾದಿನ ಮಗಳ ಮನೆಯಲ್ಲಿದ್ದು ಬಂದವನು ಬೆಳಿಗ್ಗೆ ಹಿತ್ತಲಿಗೆ ಹೋದರೆ, ದೋಣಿಯ ಹಗ್ಗಗಳ ತುಂಬ ಖರಬೂಜದ ಬಳ್ಳಿ! ಹೆಂಡತಿ ಮುಸರ್ರತ ಹಬ್ಬಿಸಿದ್ದಳು. ಹಳೆಯ ಓಢಣಿಯ ಜೋಲಿಗಳಲ್ಲಿ ಏಳು ಕಾಯಿಗಳು ತೊಟ್ಟಿಲ ಮಕ್ಕಳಂತೆ ಮಲಗಿದ್ದವು.

ಕುಡುಗೋಲು ಎತ್ತಿದ. ಗೋಡೆಯಾಚೆಯಿಂದ ಪಕ್ಕದ ಮನೆಯ ವಿಮಲಾಬಾಯಿ ಚೀರಿದ್ದಕ್ಕೆ ಕೋಟೆಯ ಪಾರಿವಾಳಗಳೆಲ್ಲ ತೆಲಂಗಾಣಕ್ಕೆ ಹಾರಿದವು.

"ಏ ಭಾಯಿ! ಕೈ ಹಚ್ಚಬ್ಯಾಡ್ರಿ! ನಮ್ಮ ಸೊಸಿ ಶಿವಾನಿಗಿ ಏಳು ತಿಂಗಳರಿ. ಬಳ್ಳಿಮ್ಯಾಲೇ ಹಣ್ಣಾದ ಖರಬೂಜಾನೇ ಬೇಕಂತಾಳ. ಬಸುರಿ ಬಯಕಿ ಮುರೀತೀರೇನ್ರಿ?"

"ಮತ್ತ ನನ್ನ ದೋಣಿ?"

"ದೋಣಿ ಏನ್ ಹಡೀತದೇನ್ರಿ?" ಎಂದಳು ಮುಸರ್ರತ.

ಬಸುರಿಯ ಬಯಕೆಗೆ ಇಲ್ಲವೆನ್ನುವ ಗಂಡಸು ಚಿದ್ರಿಯಲ್ಲಿ ಇನ್ನೂ ಹುಟ್ಟಿಲ್ಲ. ಸಲಾವೋದ್ದೀನ ಬಿದಿರಿನ ಚಪ್ಪರ ಕಟ್ಟಿದ. ಬಳ್ಳಿಯ ಒಂದೊಂದೇ ಕುಡಿ ಬಿಡಿಸಿ ಚಪ್ಪರಕ್ಕೆ ದಾಟಿಸತೊಡಗಿದ.

"ಹಗೂರರಿ! ಅದು ಲಂಗರಲ್ಲ, ಖರಬೂಜಾ!" ವಿಮಲಾಬಾಯಿ ಗೋಡೆ ಮೇಲೆ ಕೂತು ಹುಕುಂ ಕೊಟ್ಟಳು.

ನೆರವಿಗೆ ಬಂದ ಮುಸರ್ರತ ತಪ್ಪು ಹಗ್ಗ ಎಳೆದಳು. ಹಗ್ಗಕ್ಕೆ ಸಿಕ್ಕಿದ ಗಂಡನ ಲುಂಗಿ ಸರ್ರನೆ ಹಾಯಿಕಂಬದ ತುದಿಗೇರಿತು.

"ಹಾಯಿ ಸಣ್ಣದಾತು ನೋಡ್ರಿ," ಎಂದಳು ವಿಮಲಾಬಾಯಿ, ಮುಖ ತಿರುಗಿಸದೆ.

ನಾಲ್ಕು ಗಂಟೆಗೆ ಏಳೂ ಕಾಯಿ ಚಪ್ಪರ ಸೇರಿದವು, ಒಂದಕ್ಕೂ ಗೀರಿಲ್ಲ. ಹಗ್ಗಗಳನ್ನು ಬಿಗಿದು, ಪರೀಕ್ಷೆಗೆಂದು ಹಾಯಿ ಏರಿಸಿದ. ಅದು ಅಷ್ಟೂರಿನ ಗುಮ್ಮಟದಷ್ಟು ಉಬ್ಬಿತು. ಉರಿಬಿಸಿಲಿನ ಹಿತ್ತಲಿಗೆ ತಂಪು ನೆರಳು ಬಿತ್ತು. ಹೊರಗೆ ಟೆಂಪೊ ಹಾರ್ನ್ ಹೊಡೆಯಿತು.

ಆಗಲೇ ಶಿವಾನಿ ಬಂದಳು. ಖರಬೂಜದತ್ತ ನೋಡಲೇ ಇಲ್ಲ. ಮೆಲ್ಲಗೆ ದೋಣಿಯೊಳಗೆ ಕೂತು, ಹಾಯಿಯ ನೆರಳಲ್ಲಿ ಕಾಲು ಚಾಚಿದಳು.

"ಅತ್ತೀ, ಖರಬೂಜಾ ಬ್ಯಾಡ್ರಿ. ಈಗ ದಿನಾ ಇದರಾಗೇ ಮಲಗಬೇಕನಸ್ತದ."

ಸಲಾವೋದ್ದೀನ ಹಾಯಿಯ ಹಗ್ಗ ಹಿಡಿದುಕೊಂಡೇ ಕೇಳಿದ: "ಎಷ್ಟು ದಿನ, ತಂಗಿ?"

"ಹಡಿಯೋತನಾ, ಕಾಕಾ."

ವಿಮಲಾಬಾಯಿ ದಿಂಬು ತರಲು ಓಡಿದಳು. ಅಷ್ಟರಲ್ಲಿ ಕಾರಂಜಾದಿಂದ ಸಾಹೇಬರ ಫೋನು ಬಂತು. ಸಲಾವೋದ್ದೀನ ಎತ್ತಿ, "ಸಲಾಂ, ಸಾಬ್..." ಎಂದ.

ಮುಸರ್ರತ ತುಟಿಗೆ ಬೆರಳಿಟ್ಟಳು.

"ಹಗೂರ ಮಾತಾಡ್ರಿ! ಆಕಿಗಿ ಈಗರೆ ನಿದ್ದಿ ಹತ್ತ್ಯಾದ."