ನೆವಿಲ್ ಸಗ್ಡನ್ ನಾಯಕನಾದ ದಿನ

ಟೀವಿಗೆ ಹಾಸ್ಯ ಧಾರಾವಾಹಿ ಬರೆಯುವ ಇಮೊಜೆನ್ ಎಂಬಾಕೆ ಓಲ್ಡಮ್ ಊರಿನ ಕಾರ್ಪೆಟ್ ಅಂಗಡಿಯೊಂದರಲ್ಲಿ ಒಂದು ದಿನ ಕೂತು ಜನರನ್ನು ಗಮನಿಸುತ್ತಾಳಂತೆ ಎಂಬ ಸುದ್ದಿ ಬಂದಾಗ, ಅವಳಿಗೆ ಅಂಗಡಿ ತೋರಿಸಲು ಅಲ್ಲಿ ಕೆಲಸಕ್ಕಿದ್ದ ನೆವಿಲ್ ಸಗ್ಡನ್ ಎರಡೂ ಕೈ ಎತ್ತಿದ. ಬೇರೆ ಯಾರೂ ಒಂದು ಬೆರಳೂ ಎತ್ತಲಿಲ್ಲ.

ನೆವಿಲ್ ಇಪ್ಪತ್ತು ವರ್ಷದಿಂದ ಅಂಥ ಧಾರಾವಾಹಿ ಒಂದನ್ನೂ ಬಿಟ್ಟವನಲ್ಲ.

"ಗುಟ್ಟು ಇಷ್ಟೇ ನೋಡಿ," ಎಂದು ಬಾಗಿಲಲ್ಲೇ ಶುರುಮಾಡಿದ. "ನಾಯಕ ಪೆದ್ದ ಅಂತ ಊರಿಗೆಲ್ಲ ಗೊತ್ತು, ಅವನೊಬ್ಬನಿಗೆ ಗೊತ್ತಿಲ್ಲ. ನೋಡ್ತಿದ್ರೆ ನಮ್ಗೇ ಮುಜುಗರ, ಮೈಯೆಲ್ಲ ಹಿಡಿ ಆಗುತ್ತೆ. ಆದ್ರೂ ಕಣ್ಣು ಕೀಳಕ್ಕಾಗಲ್ಲ. ಯಾಕೆ? ಸದ್ಯ, ಅಲ್ಲಿರೋದು ನಾವಲ್ಲವಲ್ಲ!"

ಹೀಗೆನ್ನುತ್ತ ಒಳಗೆ ಹೋದರೆ, ಸಿಬ್ಬಂದಿಯೆಲ್ಲ ತಲೆ ತಗ್ಗಿಸಿ ಸಾಲಾಗಿ ನಿಂತಿದ್ದಾರೆ. ಟೀವಿಯವಳನ್ನು ಕಂಡು ನಾಚಿಕೊಂಡಿದ್ದಾರೆಂದು ನೆವಿಲ್ ಚಪ್ಪಾಳೆ ತಟ್ಟಿ, "ಏನ್ರೋ ಇದು? ಯಾರಾದ್ರೂ ಸತ್ರಾ?" ಎಂದ.

ಸತ್ತಿದ್ದರು. ಮೂವತ್ತು ವರ್ಷ ಅಲ್ಲಿ ಕಾರ್ಪೆಟ್ ಹಾಸಿದ ಮುದುಕ ಸ್ಟ್ಯಾನ್. ಅವನಿಗಾಗಿ ಒಂದು ನಿಮಿಷದ ಮೌನ ನಡೆದಿತ್ತು. ಅವನ ಹೆಂಡತಿ ಮುಂದೆಯೇ ನಿಂತಿದ್ದಳು.

ಸಮಾಧಾನ ಹೇಳಲು ನೆವಿಲ್ ಚಹಾ ತಂದ. ಎಡವಿ ಅರ್ಧದಷ್ಟನ್ನು ಬಿಳಿ ಕಾರ್ಪೆಟ್ಟಿನ ಮೇಲೆ ಚೆಲ್ಲಿದ. "ಹೆದರ್ಬೇಡಿ, ಇದಕ್ಕೆ ಕಲೆ ಹಿಡಿಯೋದೇ ಇಲ್ಲ," ಎಂದು ಧೈರ್ಯ ತುಂಬಲು ಉಳಿದರ್ಧವನ್ನೂ ತಾನೇ ಸುರಿದ. ಹಿಡಿಯಿತು.

ಇಮೊಜೆನ್ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು.

ಗಲ್ಲಾದ ಬೆರಿಲ್ ಅವನ ತೋಳು ಜಗ್ಗಿದಳು. "ಸಾಕು ಮಾಡೋ ಮಾರಾಯ! ಅವಳು ನಿನ್ನನ್ನೇ ಟೀವಿಗೆ ಹಾಕ್ತಾಳೆ ನೋಡ್ತಿರು."

ನೆವಿಲ್‌ನ ಮುಖ ಸುಣ್ಣವಾಯಿತು. ಮರುಕ್ಷಣ ಕೆಂಡವಾಯಿತು. ಅದರ ಮರುಕ್ಷಣ ಹೂವಿನಂತೆ ಅರಳಿತು. ಟೀವಿ! ನಾಯಕ! ಉಗ್ರಾಣಕ್ಕೆ ಓಡಿ ಹೆಂಡತಿಗೆ ಫೋನು ಮಾಡಿದ. "ಗ್ಲೆನಿಸ್! ಧಾರಾವಾಹಿಗೆ ನಾನೇ ನಾಯಕ ಕಣೇ!"

ಗ್ಲೆನಿಸ್‌ಗೆ ತಿಳಿದದ್ದು ಬೀದಿಗೆ ತಿಳಿಯಲು ಕೆಟಲ್ಲಿನ ನೀರು ಕುದಿಯುವಷ್ಟು ಹೊತ್ತೂ ಬೇಕಿಲ್ಲ.

ನಾಲ್ಕು ಗಂಟೆಗೆ ನೆವಿಲ್ ಟೈ ಸರಿಮಾಡಿಕೊಂಡು ಕೇಳಿದ. "ಮತ್ತೆ, ನನ್ನ ಪಾತ್ರ?"

"ಸಾರಿ, ನೆವಿಲ್," ಇಮೊಜೆನ್ ನಿಜವಾಗಿಯೂ ಮರುಗಿದಳು. "ನಿಮ್ಮನ್ನ ಹಾಕಕ್ಕಾಗಲ್ಲ. ಇಂಥೋರೂ ಇರ್ತಾರಾ ಅಂತಾರೆ ಜನ. ಯಾರೂ ನಂಬಲ್ಲ."

ಮನೆಗೆ ಹೋಗಲು ಮುಖವಿಲ್ಲದೆ ನೆವಿಲ್ ಒಂದೇ ಬಸ್ಸಿನಲ್ಲಿ ಊರನ್ನು ಎರಡು ಸುತ್ತು ಹಾಕಿದ. ಕೊನೆಗೆ ಇಳಿದರೆ, ಬೀದಿಯವರೆಲ್ಲ ಅವನ ಗೇಟಿನಲ್ಲಿದ್ದಾರೆ. ಬಣ್ಣದ ಕಾಗದದ ತೋರಣ, ತಟ್ಟೆ ತುಂಬ ಸಾಸೇಜ್ ರೋಲು. ಪಕ್ಕದ ಮನೆಯ ಕೀತ್ ಹಾಲ್‌ರಾಯ್ಡ್ ಗಂಟಲು ಹರಿಯುವಂತೆ ಕೂಗಿದ: "ಭಾಷಣ! ಭಾಷಣ!"

ಇಲ್ಲ ಎನ್ನಲು ಬಾಯಿ ತೆರೆದ ನೆವಿಲ್. ಬಂದ ಮಾತೇ ಬೇರೆ. "ಹೌದು, ನಾನೇ ನಾಯಕ. ನೀವೇ ಬೇಕು ಅಂತ ಅವರು ಕೈ ಹಿಡಿದು ಕೇಳಿಕೊಂಡ್ರು. ಕಣ್ಣಲ್ಲಿ ನೀರು ಹಾಕಿಕೊಂಡ್ರು, ಪಾಪ!"

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೂ ನಗಲಿಲ್ಲ. ಎಲ್ಲರೂ ತಂತಮ್ಮ ಬೂಟುಗಳನ್ನೇ ನೋಡುತ್ತಿದ್ದರು. ಮನೆಗೆ ಮಾತ್ರ ಒಬ್ಬರೂ ಹೋಗಲಿಲ್ಲ.

ಅಡುಗೆಮನೆಯಿಂದ ಕೈಯಲ್ಲೊಂದು ಸಾಸೇಜ್ ರೋಲು ಹಿಡಿದು ಇಮೊಜೆನ್ ಹೊರಬಂದಳು.

"ನಾನೇ ಅಂಗಡಿಗೆ ಫೋನು ಮಾಡಿ ಇವರನ್ನ ಚಹಾಕ್ಕೆ ಕರೆದೆ," ಎಂದಳು ಗ್ಲೆನಿಸ್. "ಐದಕ್ಕೇ ಬಂದ್ರು. ಎಲ್ಲಾ ಹೇಳಿದ್ರು. ಈ ತೋರಣ ಬಿಚ್ಚೋಣ ಅಂದೆ. ತಡಿ, ಅವನೇನ್ ಹೇಳ್ತಾನೋ ನೋಡೋಣ ಅಂದ ಈ ಕೀತ್. ನೀನು ನಿಜ ಹೇಳ್ತೀಯ ಅಂತ ನಾನು ಬೀದಿಯವರ ಎದುರು ಆಣೆ ಮಾಡಿದ್ದೆ, ನೆವಿಲ್!"

ಗ್ಲೆನಿಸ್‌ಳ ಮುಖ ನೋಡುತ್ತಿದ್ದಂತೆ ಇಮೊಜೆನ್ ಕುಣಿದೇಬಿಟ್ಟಳು. "ಸಿಕ್ಕಿದ್ರು! ಇಂಥವನನ್ನ ಕಟ್ಟಿಕೊಂಡ ಹೆಂಡತಿ! ಇದನ್ನ ಇಡೀ ದೇಶ ನಂಬುತ್ತೆ! ಗ್ಲೆನಿಸ್, ನೀವೇ ನನ್ನ ನಾಯಕಿ!"

ಈಗ ಬಂತು ಚಪ್ಪಾಳೆ. ಬೀದಿಯೇ ಗ್ಲೆನಿಸ್‌ಳನ್ನು ಮುತ್ತಿಕೊಂಡಿತು. ಕೀತ್ ಕ್ಯಾಮೆರಾ ತಂದ.

"ನೆವಿಲ್," ಎಂದ ಅವನು, ಒಂದು ಕಣ್ಣು ಮುಚ್ಚಿಕೊಂಡು, "ಸ್ವಲ್ಪ ಆ ಕಡೆ ಸರಿಯಪ್ಪ. ಅಡ್ಡ ಬರ್ತಿದೀಯ."