ದನಕ್ಕೆ ಸೆಕೆಂಡಿನ ಮುಳ್ಳು ಉಂಟಾ?

ನನ್ನ ಸೋದರತ್ತೆಯಷ್ಟು ಜಿಪುಣಿ ಮೂಡುಬಿದಿರೆಯಲ್ಲಿ ಇನ್ನೊಬ್ಬರಿರಲಿಲ್ಲ. ಹಣದಲ್ಲಲ್ಲ, ಅಂಕಿಗಳಲ್ಲಿ! ಐವತ್ತರ ದಶಕದ ಕೊನೆಗೆ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಅವರಿಗೆ, ಅಳೆದದ್ದಕ್ಕಿಂತ ಒಂದಂಕಿ ಹೆಚ್ಚು ಹೇಳಿದವರೆಲ್ಲ ಸುಳ್ಳುಗಾರರು. ಇಂಚಿನ ಗುರುತೇ ಇಲ್ಲದ ಕೋಲಿನಿಂದ ಅಂಗಳ ಅಳೆದ ಮೇಸ್ತ್ರಿಯೊಬ್ಬ, ವಿಸ್ತೀರ್ಣವನ್ನು ದಶಾಂಶ ಬಿಂದುವಿನಾಚೆ ಮೂರು ಸ್ಥಾನದವರೆಗೆ ಹೇಳಿದ.

"ಬಿಂದುವಿನ ಈಚೆಯದ್ದು ನಿನ್ನದು. ಆಚೆಯದ್ದು ಯಾರದ್ದು ಮಾರಾಯ?" ಎಂದರು ಅತ್ತೆ.

ಪಾಪ, ಆತ ಬೆಚ್ಚಿ ಹಿಂದಕ್ಕೆ ತಿರುಗಿ ನೋಡಿದ.

ಒಮ್ಮೆ ಬೆಳ್ತಂಗಡಿ ಕಡೆಯ ಜೋಯಿಸರೊಬ್ಬರು ಬಂದು ಅತ್ತೆಯ ಗಂಡನ, ಅಂದರೆ ನನ್ನ ಮಾವನ, ಜಾತಕ ಬರೆದರು. ಬರುವ ಮಳೆಗಾಲದ ಆಟಿ ಅಮಾವಾಸ್ಯೆಯ ಸಂಜೆ ಐದು ಗಂಟೆ ಹದಿನೇಳು ನಿಮಿಷ ನಲವತ್ತು ಸೆಕೆಂಡಿಗೆ ಆಯುಸ್ಸು ಮುಗಿಯುತ್ತದೆ ಎಂದರು. ಮಾವ ಬೆವರಿದರು.

"ಇವರು ಹುಟ್ಟಿದ್ದು ಎಷ್ಟು ಗಂಟೆಗೆ ಅಂತ ಹಿಡಿದಿದ್ದೀರಿ?" ಎಂದು ಅತ್ತೆ ಕೇಳಿದರು.

"ಇವರಮ್ಮ ಹೇಳಿದ್ದುಂಟಂತಲ್ಲ, ದನ ಹಟ್ಟಿಗೆ ಬರುವ ಹೊತ್ತು."

"ದನಕ್ಕೆ ಸೆಕೆಂಡಿನ ಮುಳ್ಳು ಉಂಟಾ?"

ಜೋಯಿಸರು ಕಾಫಿ ಕುಡಿಯದೆ ಹೋದರು. ಅವರು ಹೇಳಿದ ಅಂಕಿ ಮಾತ್ರ ಮನೆಯಲ್ಲೇ ಉಳಿಯಿತು. ಮಾವ ಹೊಸ ಚಪ್ಪಲಿ ಕೊಳ್ಳುವುದನ್ನು ಬಿಟ್ಟರು.

ಆಟಿ ಅಮಾವಾಸ್ಯೆ ಬಂತು. ಕರೆಯದೆಯೇ ನೆಂಟರು ಬಂದು ಜಗಲಿಯಲ್ಲಿ ಸಾಲಾಗಿ ಕುಳಿತರು. ಪಾಣೆಮಂಗಳೂರಿನವರೊಬ್ಬರು ಬಿಳಿ ಪಂಚೆಯುಟ್ಟು ಸಿದ್ಧವಾಗಿಯೇ ಬಂದಿದ್ದರು. ಐದು ಗಂಟೆಯ ಮೇಲೆ ಎಲ್ಲರೂ ಗೋಡೆಯ ಗಡಿಯಾರವನ್ನೇ ನೋಡತೊಡಗಿದರು. ಮಂಚದಲ್ಲಿ ಮಲಗಿದ್ದ ಮಾವನ ಪಾದ ಮುಟ್ಟಿದೆ. ಮಳೆಯಲ್ಲಿ ನೆನೆದ ಹೆಂಚಿನಂತೆ ತಣ್ಣಗಿತ್ತು.

"ಈ ಗಡಿಯಾರ ಸರಿ ಉಂಟಲ್ಲ?" ಎಂದು ಪಂಚೆಯವರು ಪಿಸುಗುಟ್ಟಿದರು.

"ಶಾಲೆಯದ್ದಕ್ಕಿಂತ ಮುಂದೆ ಉಂಟು. ಶಾಲೆಯದ್ದು ಬಸ್‌ಸ್ಟ್ಯಾಂಡಿನದ್ದಕ್ಕಿಂತ ಹಿಂದೆ," ಎಂದರು ಅತ್ತೆ. "ನೀವು ಯಾವುದನ್ನು ನೋಡಿ ಅಳುವುದು?"

ಯಾರಿಗೂ ನಗು ಬರಲಿಲ್ಲ. ಏಕೆಂದರೆ ಅಷ್ಟರಲ್ಲಿ ಗೋಡೆಯ ಗಡಿಯಾರ ತಾನಾಗಿಯೇ ನಿಂತಿತು. ನಿಮಿಷದ ಮುಳ್ಳು ಹದಿನೇಳರಲ್ಲಿತ್ತೋ ಹದಿನೆಂಟರಲ್ಲಿತ್ತೋ, ಎರಡರ ನಡುವೆ ಎಲ್ಲೋ. ಹಟ್ಟಿಯಲ್ಲಿ ದನವೊಂದು ಕೂಗಿತು. ಮಾವ ಕಣ್ಣು ಮುಚ್ಚಿದರು. ಎಷ್ಟು ಹೊತ್ತು ಹಾಗಿದ್ದೆವೋ ಗೊತ್ತಿಲ್ಲ.

"ನನಗೆ ಹಸಿವಾಗ್ತದೆ," ಎಂದರು ಮಾವ, ಕಣ್ಣು ತೆರೆಯದೆ.

ನೆಂಟರು ಸ್ವಲ್ಪ ನಿರಾಸೆಯಿಂದಲೇ ಕೊಡೆ ಬಿಡಿಸಿದರು. ಮಾವ ಗಂಜಿ ಉಂಡು, ಗೊರಕೆ ಹೊಡೆಯತೊಡಗಿದರು. ಅತ್ತೆ ಮಾತ್ರ ಮಂಚದ ಪಕ್ಕದಿಂದ ಏಳಲಿಲ್ಲ. ಅವರ ಬೆರಳುಗಳು ಮಾವನ ನಾಡಿಯ ಮೇಲಿದ್ದವು.

"ಆ ಹೊತ್ತು ದಾಟಿತಲ್ಲ ಅತ್ತೆ. ಬನ್ನಿ, ಊಟ ಮಾಡುವ," ಎಂದೆ.

"ಯಾವ ಹೊತ್ತು?" ಎಂದರು ಅತ್ತೆ. "ಆ ಸೆಕೆಂಡು ಸುಳ್ಳು ಅಂತ ಹೇಳಿದ್ದು ನಾನೇ ಅಲ್ವಾ? ಹಾಗಾದರೆ ದಾಟಿತು ಅಂತ ನನಗೆ ಹೇಗೆ ಗೊತ್ತಾಗಬೇಕು?"

ಬೆಳಗ್ಗೆ ನಾನು ಎದ್ದು ಬಂದಾಗಲೂ ಆ ಬೆರಳುಗಳು ಅಲ್ಲೇ ಇದ್ದವು.