ಮಿಕ್ಸಿಯ ಬಾಯಿ ಮುಚ್ಚಿಸಿದ ಸರ್ಕಾರ

ಘನ ಸರ್ಕಾರಕ್ಕೆ ನನ್ನ ಮೇಲೆ ಯಾವ ಜನ್ಮದ ಸೇಡೋ ನಾ ಕಾಣೆ. ಕದಿಯುವವರು ಕದಿಯುತ್ತಿದ್ದಾರೆ, ಕಲಬೆರಕೆ ಮಾಡುವವರು ಮಾಡುತ್ತಿದ್ದಾರೆ. ಅವರನ್ನೆಲ್ಲ ಬಿಟ್ಟು ಅದರ ಕಣ್ಣು ಬಿದ್ದದ್ದು ನನ್ನ ಮಿಕ್ಸಿಯ ಮೇಲೆ. ಅದೂ ಮಿಕ್ಸಿ ಸರಿಯಾಗಿ ರುಬ್ಬಲ್ಲ ಅಂತ ಅಲ್ಲ, ಬಾಯಿ ಜಾಸ್ತಿ ಅಂತ. ಮನೆಬಳಕೆಯ ಮಿಕ್ಸಿಗಳು ಇನ್ನು ಮುಂದೆ ಇಂತಿಷ್ಟಕ್ಕಿಂತ ಹೆಚ್ಚು ಸದ್ದು ಮಾಡಕೂಡದು, ಮಾಡಿದರೆ ತಯಾರಿಸಿದವನ ಲೈಸೆನ್ಸ್ ರದ್ದು ಅಂತ ಹೊಸ ನಿಯಮ ಬಂತು. (ಇಂಥದೇ ನಿಯಮವನ್ನು ಮನುಷ್ಯರಿಗೂ ಮಾಡಿದ್ದರೆ ನಮ್ಮ ಮನೆಯಲ್ಲಿ ಮೊದಲು ಯಾರ ಲೈಸೆನ್ಸ್ ರದ್ದಾಗುತ್ತಿತ್ತು ಅಂತ ನಾನು ಹೇಳುವುದಿಲ್ಲ. ಇದನ್ನು ಅವಳೂ ಓದುತ್ತಾಳೆ.)

ನನ್ನದು ಸಣ್ಣ ಕಾರ್ಖಾನೆ. ಒಂದು ತಗಡಿನ ಶೆಡ್ಡು, ಅದರಲ್ಲಿ ಮೋಟಾರಿಗೆ ತಂತಿ ಸುತ್ತುವವರು, ಬ್ಲೇಡು ಕೂರಿಸುವವರು, ಡಬ್ಬಕ್ಕೆ ತುಂಬುವವರು ಅಂತ ಆರೇಳು ಜನ. ನಮ್ಮ ಮಿಕ್ಸಿ ಗಟ್ಟಿ, ಅಗ್ಗ, ಸದ್ದಿನಲ್ಲಂತೂ ಅದನ್ನು ಮೀರಿಸುವ ಇನ್ನೊಂದು ಹುಟ್ಟಿಲ್ಲ. ನಮ್ಮ ಮನೆಯಲ್ಲಿ ಅದು ಶುರುವಾದರೆ ಬೀದಿಯ ಕೊನೆಯ ದರ್ಜಿ ಬೆಳಗಾಯಿತು ಅಂತ ಅಂಗಡಿ ಬಾಗಿಲು ತೆಗೆಯುತ್ತಿದ್ದ. ಬೀದಿಯವರು ನನ್ನನ್ನು ಗುಡುಗಪ್ಪ ಅಂತ ಕರೆಯುವುದು ಅದಕ್ಕೇ. ನಾನು ಬೇಜಾರು ಮಾಡಿಕೊಂಡವನಲ್ಲ. ಗಿರಾಕಿಗೆ ಸದ್ದೇ ಶಕ್ತಿ. ಮೇಲಾಗಿ ಸದ್ದಿಗೆ ಖರ್ಚಿಲ್ಲ, ಅದು ತಾನಾಗಿ ಬರುತ್ತೆ. ಖರ್ಚೆಲ್ಲ ಇರುವುದು ಮೌನಕ್ಕೆ. ತಳಕ್ಕೆ ರಬ್ಬರ್ ಹಾಕಬೇಕು, ಮೈ ದಪ್ಪ ಮಾಡಬೇಕು, ಒಳ್ಳೆಯ ಬೇರಿಂಗ್ ತರಬೇಕು. ಬೆಲೆ ಏರಿತೋ, ಗಿರಾಕಿ ದೊಡ್ಡ ಕಂಪನಿಯ ಕಡೆ ನಡೆದ. ಶೆಡ್ಡಿಗೆ ಬೀಗ ಬಿದ್ದರೆ ಅಷ್ಟೂ ಮನೆಗಳ ಒಲೆ ಆರುತ್ತೆ, ನಮ್ಮದೂ ಸೇರಿ.

ಇದನ್ನೆಲ್ಲ ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ಭಾಷಣದ ಧಾಟಿಯಲ್ಲಿ ಹೇಳಿದೆ. ಉದ್ಯಮ ಅಂದರೆ ಎಳೆ ಸಸಿ, ಸರ್ಕಾರ ಅಂದರೆ ಬೇಲಿ ಹಾರುವ ಆಡು ಅಂದೆ. ಅಯ್ಯೋ ಪಾಪ ಅಂದಾಳು ಅಂದುಕೊಂಡರೆ, ಅವಳು ಆಡಿನ ಪಕ್ಷ ಹಿಡಿದಳು.

"ಸರಿಯಾಗೇ ಮಾಡಿದ್ದಾರೆ ಬಿಡಿ," ಅಂದಳು. "ಮಿಕ್ಸಿ ಮಾರಿದ ಲಾಭ ನಿಮ್ಮದು, ಕಿವಿ ನನ್ನದು. ನನ್ನ ಕಿವಿಗೆ ಆಗೋ ಖರ್ಚನ್ನ ಯಾವ ಬೆಲೆಯಲ್ಲಿ ಸೇರಿಸಿದ್ದೀರಿ?"

ನಾನು ಗಿರಾಕಿಯ ಸ್ವಾತಂತ್ರ್ಯದ ಮಾತೆತ್ತಿದೆ. ಬೇಡದವರು ಕೊಳ್ಳದಿದ್ದರಾಯಿತು, ಯಾರ ಕುತ್ತಿಗೆಗೂ ನಾನು ಮಿಕ್ಸಿ ಕಟ್ಟುತ್ತಿಲ್ಲ ಅಂದೆ. ಹಾಗಾದರೆ ಪಕ್ಕದ ಮನೆಯ ಹಸುಗೂಸು ನಿಮ್ಮ ಹತ್ತಿರ ಮಿಕ್ಸಿ ಕೊಂಡಿತ್ತಾ, ಅದು ಯಾಕೆ ದಿನಾ ಬೆಚ್ಚಿಬಿದ್ದು ಅಳುತ್ತೆ ಅಂತ ಕೇಳಿದಳು. ಸರ್ಕಾರ ಕಂಡಕಂಡಲ್ಲಿ ಮೂಗು ತೂರಿಸಬಾರದು ಅಂದೆ. ಶಾಕ್ ಹೊಡೆಯದ ಹಾಗೆ ವೈರಿನೊಳಗೆ ಮೂರನೇ ತಂತಿ ಹಾಕಿ ಅಂತ ಸರ್ಕಾರ ಅಂದಾಗಲೂ ನೀವು ಹೀಗೇ ಹಾರಾಡಿದ್ದಿರಿ, ನಮ್ಮಮ್ಮ ಹಳೇ ಮಿಕ್ಸಿ ಮುಟ್ಟಿ ಶಾಕ್ ಹೊಡೆಸಿಕೊಂಡದ್ದು ಮರೆತುಹೋಯಿತಾ ಅಂದಳು. ಮರೆತಿರಲಿಲ್ಲ. (ಆ ಮಿಕ್ಸಿ ಆಮೇಲೆ ಓಡಲೇ ಇಲ್ಲ. ಯಾರಿಂದ ಯಾರಿಗೆ ಶಾಕ್ ಹೊಡೆಯಿತು ಅನ್ನುವುದು ನನಗೆ ಇವತ್ತಿಗೂ ತಿಳಿದಿಲ್ಲ.)

ಅತ್ತೆ ಅಲ್ಲೇ ಕೂತು ಅನ್ನ ಕಲಸುತ್ತಿದ್ದರು. ಕಾಲು ಮುರಿದುಕೊಂಡು, ನಾಲ್ಕು ದಿನ ಮಗಳ ಮನೆಯಲ್ಲಿರೋಣ ಅಂತ ಬಂದವರು ಅವರು. ಕಾಲು ಕೂಡಿಕೊಂಡು ವರ್ಷವಾಯಿತು, ಆ ನಾಲ್ಕು ದಿನ ಮಾತ್ರ ಮುಗಿಯುತ್ತಿಲ್ಲ.

ಈಗ ನಿಮ್ಮ ಕಿವಿಯಲ್ಲಿ ಒಂದು ಗುಟ್ಟು. ನಾನು ಆ ಸದ್ದಿಗಾಗಿ ಅಷ್ಟು ಹೋರಾಡಿದ್ದು ಬರೀ ವ್ಯಾಪಾರಕ್ಕಲ್ಲ. ಮದುವೆಯಾದಾಗಿನಿಂದ ನನಗೆ ಈ ಮನೆಯಲ್ಲಿ ವಾಕ್ ಸ್ವಾತಂತ್ರ್ಯ ಇದ್ದದ್ದು ಮಿಕ್ಸಿ ಓಡುವಾಗ ಮಾತ್ರ. ಬೆಳಿಗ್ಗೆ ಅವಳು ಸ್ವಿಚ್ ಒತ್ತಿದ ಕೂಡಲೇ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಮುಖದ ಮೇಲೆ ಒಂದು ನಗು ಅಂಟಿಸಿಕೊಂಡು, ಹಿಂದಿನ ದಿನ ನುಂಗಿಕೊಂಡಿದ್ದ ಉತ್ತರಗಳನ್ನೆಲ್ಲ ಗಂಟಲು ಬಿಚ್ಚಿ ಹೇಳಿಬಿಡುತ್ತಿದ್ದೆ. ಮಿಕ್ಸಿ ನಿಂತರೆ ನಾನೂ ನಿಂತೆ. ನನ್ನ ಎದೆ ಹಗುರ, ಅವಳಿಗೆ ನೋವಿಲ್ಲ, ಸಂಸಾರ ಸುಖವಾಗಿತ್ತು. ಡಾಕ್ಟರು ನನ್ನ ಬಿಪಿ ನೋಡಿ, ಈ ವಯಸ್ಸಿಗೆ ಇಷ್ಟು ಚೆನ್ನಾಗಿದೆಯಲ್ಲ, ಧ್ಯಾನಗೀನ ಮಾಡ್ತೀರಾ ಅಂತ ಕೇಳಿದ್ದರು. ಸದ್ದಿನ ಲಾಭ ನಷ್ಟ ತೂಗಿದ ಸರ್ಕಾರದ ಪಂಡಿತರು ಯಾರೂ ಈ ಲಾಭವನ್ನು ತಕ್ಕಡಿಗೆ ಹಾಕಿರಲಿಲ್ಲ.

ಗಡುವು ಹತ್ತಿರ ಬಂತು. ಅರ್ಜಿ ಹಾಕಿದ್ದಾಯಿತು, ಅಂಗಲಾಚಿದ್ದಾಯಿತು, ಸರ್ಕಾರ ಜಗ್ಗಲಿಲ್ಲ. ಕೊನೆಗೆ ಬೈದುಕೊಂಡೇ ರಬ್ಬರು, ಬೇರಿಂಗು ಎಲ್ಲ ತಂದು ಹೊಸ ಮಿಕ್ಸಿ ಮಾಡಿದೆವು. ಬೆಲೆ ನಾನು ಹೆದರಿದ್ದಷ್ಟು ಏರಲಿಲ್ಲ. (ಇದನ್ನು ಹೆಂಡತಿಗೆ ಹೇಳಲಿಲ್ಲ.) ಶೆಡ್ಡಿನ ಗದ್ದಲದಲ್ಲಿ ಅದರ ಸದ್ದು ಎಷ್ಟು ಅಂತ ನನಗೇ ತಿಳಿಯಲಿಲ್ಲ. ಸದ್ದಿನ ಅಳತೆ, ದಿನಾ ಅಡುಗೆ ನಡೆಯುವ ಅಡುಗೆಮನೆಯಲ್ಲೇ ಆಗಬೇಕು ಅಂತ ನಿಯಮ. ಯಾರ ಮನೆ ಅಂತ ನಾನು ಯೋಚಿಸುವಷ್ಟರಲ್ಲಿ ಹೆಂಡತಿ, ನಮ್ಮ ಮನೆಗೇ ಕರೆಸಿ ಅಂದಳು.

ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ತೆಳ್ಳಗಿನ ಆಸಾಮಿ, ಕೈಯಲ್ಲಿ ಸದ್ದು ಅಳೆಯುವ ಮೀಟರು. ಅದರಲ್ಲೊಂದು ಕೆಂಪು ಗೆರೆ. ಮುಳ್ಳು ಅದನ್ನು ದಾಟಿತೋ, ನನ್ನ ಕಥೆ ಮುಗಿಯಿತು. ಕಾಫಿ ಬೇಡ ಅಂದರು, ಕುರ್ಚಿ ಬೇಡ ಅಂದರು. ಕಿಟಕಿ ಮುಚ್ಚಿಸಿದರು, ಫ್ಯಾನ್ ಆರಿಸಿದರು, ಗೋಡೆ ಗಡಿಯಾರ ಟಿಕ್ ಟಿಕ್ ಅನ್ನುತ್ತೆ ಅಂತ ಅದನ್ನು ಇಳಿಸಿ ಆಚೆ ಇಡಿಸಿದರು. ವೈರಿನ ಉದ್ದ ಅಳೆದರು. ಮಿಕ್ಸಿಯ ತಳದಲ್ಲಿ ಬರೆದ ಅಕ್ಷರ ಸಣ್ಣದಾಯಿತು ಅಂದರು. ಹೌದು ಸಾರ್, ಆಗಲಿ ಸಾರ್ ಅನ್ನುತ್ತಾ ನಾನು ಒಳಗೊಳಗೇ ಕುದಿಯುತ್ತಿದ್ದೆ. ಅತ್ತೆ ತಮಾಷೆ ನೋಡಲು ಸ್ಟೂಲು ಹಾಕಿಕೊಂಡು ಕೂತರು. ಹೆಂಡತಿ ಜಾರಿಗೆ ಟೊಮೆಟೊ ಹಾಕಿ ಮುಚ್ಚಳ ಒತ್ತಿ ಹಿಡಿದಳು. ಸಾಹೇಬರು ತಲೆಯಾಡಿಸಿದರು, ಅವಳು ಸ್ವಿಚ್ ಒತ್ತಿದಳು.

ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಕಟ್ಟಿಕೊಂಡ ಮೇಲೆ ಬಂದ ಗುಣವೂ ಹೋಗುವುದಿಲ್ಲ. ಅವಳ ಬೆರಳು ಸ್ವಿಚ್ಚಿಗೆ ತಾಗಿದ್ದೇ ತಡ, ನನ್ನ ಬಾಯಿ ತಾನಾಗಿ ತೆರೆದುಕೊಂಡಿತು.

"ಮೊಸರಲ್ಲಿ ಕಲ್ಲು ಹುಡುಕೋಕೆ ಬಂದಿದ್ದಾನೆ ಕಡ್ಡಿಪೈಲ್ವಾನ," ಅಂದೆ, ಸಾಹೇಬರನ್ನು ನೋಡಿ ಸೌಜನ್ಯದಿಂದ ನಗುತ್ತಾ. "ಗಡಿಯಾರ ಆಚೆ ಇಡಿಸ್ತಾನಂತೆ. ಇವನ ಹೆಂಡತಿ ಇವನನ್ನ ಆಚೆ ಇಡಬೇಕು."

ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿದೆ. ಸರ್ಕಾರ ಇವಳಿಂದ ಕಲಿತದ್ದೋ, ಇವಳು ಸರ್ಕಾರದಿಂದ ಕಲಿತದ್ದೋ, ಇಬ್ಬರಿಗೂ ನಿಯಮ ಮಾಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ ಅಂದೆ. ಒದ್ದೆ ಟವೆಲನ್ನು ಮಂಚದ ಮೇಲೆ ಹಾಕಿದರೆ ಯಾವ ದೇಶ ಮುಳುಗುತ್ತೆ ಅಂತ ಕೇಳಿದೆ. ಎಲ್ಲಕ್ಕೂ ನಗು ಮುಖವೇ. ಕೊನೆಗೆ ಅತ್ತೆಯ ಸರದಿ.

"ಇವರ ಕಾಲು ಮುರಿದದ್ದು ಒಂದೇ ಸಲ, ನನ್ನ ಸೊಂಟ ಮುರೀತಿರೋದು ದಿನಾ. ಯಾವಾಗ ಹೊರಡ್ತಾರೋ."

ಏನೋ ಸರಿಯಿಲ್ಲ ಅನ್ನಿಸಿದ್ದು ಆಗ. ನನ್ನ ಮಾತು ನನಗೇ ಕೇಳುತ್ತಿತ್ತು. ಮಿಕ್ಸಿ ಓಡುತ್ತಿತ್ತು, ಟೊಮೆಟೊ ನುಣ್ಣಗಾಗಿತ್ತು, ಆದರೆ ಸದ್ದು ಮಲಗಿದ ಬೆಕ್ಕು ಗುರುಗುಟ್ಟಿದಷ್ಟೇ. ಹೆಂಡತಿ ನನ್ನನ್ನೇ ನೋಡುತ್ತಿದ್ದಳು, ಅತ್ತೆಯೂ ನೋಡುತ್ತಿದ್ದರು. ಸಾಹೇಬರು ಮಾತ್ರ ಮೀಟರನ್ನು ನೋಡುತ್ತಿದ್ದರು. ಮುಳ್ಳು ಕೆಂಪು ಗೆರೆಯ ಆಚೆ ನಿಂತಿತ್ತು. ನಾನು ಬಾಯಿ ಮುಚ್ಚಿದೆ, ಅದು ಕೆಳಗಿಳಿಯಿತು. ಅಯ್ಯೋ ದೇವರೇ ಅಂದೆ, ಮತ್ತೆ ಏರಿತು. ಶೆಡ್ಡಿನಲ್ಲಿ ಸುದ್ದಿಗಾಗಿ ಕಾಯುತ್ತಿದ್ದವರ ಮುಖಗಳು ಒಂದೊಂದಾಗಿ ಕಣ್ಣಮುಂದೆ ಬಂದವು.

ಸಾಹೇಬರು ಮಿಕ್ಸಿ ನಿಲ್ಲಿಸಲು ಹೇಳಿ, ಕನ್ನಡಕ ತೆಗೆದು ನಿಧಾನವಾಗಿ ಒರೆಸಿದರು. "ಯಂತ್ರ ಗೆರೆಯೊಳಗೇ ಇದೆ. ಗೆರೆ ದಾಟಿದ್ದು ನೀವು," ಅಂದರು. "ಮಾಲೀಕರ ಸದ್ದಿಗೆ ನಮ್ಮ ಇಲಾಖೆಯಲ್ಲಿ ನಿಯಮ ಇಲ್ಲ."

"ಅದು ನನ್ನ ಇಲಾಖೆ ಸಾರ್, ನಾನು ನೋಡ್ಕೋತೀನಿ," ಅಂದಳು ಹೆಂಡತಿ.

ನನ್ನನ್ನು ಗಡಿಯಾರದ ಪಕ್ಕಕ್ಕೆ ಕಳಿಸಿ ಇನ್ನೊಂದು ಸಲ ಅಳೆದರು. ಮಿಕ್ಸಿ ಪಾಸು. ನಾನು ಕಡ್ಡಿಪೈಲ್ವಾನ ಅಂದ ಮನುಷ್ಯ ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಪಾಸು ಮಾಡಿದ್ದಕ್ಕೆ ನನಗೆ ನಾಚಿಕೆಯಾಯಿತು. ತಲೆ ತಗ್ಗಿಸಿಕೊಂಡು ಒಳಗೆ ಬಂದು ಅತ್ತೆಯ ಮುಂದೆ ನಿಂತು, ತಪ್ಪಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂದೆ.

"ಅದರಲ್ಲಿ ತಪ್ಪೇನು ಅಳಿಯಂದಿರೇ," ಅಂದರು ಅತ್ತೆ, ಕೋಪವೇ ಇಲ್ಲದೆ. "ನಾನೂ ವರ್ಷದಿಂದ ದಿನಾ ಬೆಳಿಗ್ಗೆ ಅದನ್ನೇ ಹೇಳ್ತಿದ್ದೆ. ಈ ಸದ್ದು ನನ್ನ ಕೈಲಿ ತಡೆಯೋಕಾಗಲ್ಲ, ನನ್ನನ್ನ ಮನೆಗೆ ಬಿಟ್ಟು ಬನ್ನಿ ಅಂತ. ಆ ಮಿಕ್ಸಿ ಗಲಾಟೇಲಿ ಯಾರ ಕಿವಿಗೂ ಬೀಳ್ತಿರಲಿಲ್ಲ. ಅದು ನಿಂತ ಮೇಲೆ ತಲೆನೋವಲ್ಲಿ ನನಗೆ ಮಾತೇ ಹೊರಡ್ತಿರಲಿಲ್ಲ."

ನನ್ನ ಬಿಡುಗಡೆಯ ಸುದ್ದಿ ವರ್ಷದಿಂದ ನನ್ನದೇ ಮಿಕ್ಸಿಯೊಳಗೆ ರುಬ್ಬಿಹೋಗುತ್ತಿತ್ತು. ನಿಯಮ ಒಂದು ವರ್ಷ ಮೊದಲೇ ಬಂದಿದ್ದರೆ ಅಂತ ಹೊಟ್ಟೆ ಉರಿಯಿತು. ಆದರೂ ಸರ್ಕಾರದ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಉಕ್ಕಿರಲಿಲ್ಲ. ಇವತ್ತೇ ಹೊರಡೋಣ, ನಾನೇ ಗಾಡಿ ತರುತ್ತೇನೆ, ನಿಮ್ಮ ಚೀಲ ಎಲ್ಲಿ ಅಂದೆ.

"ಈಗ ಯಾಕೆ ಹೋಗಲಿ?" ಅತ್ತೆ ಸ್ಟೂಲನ್ನು ಗೋಡೆಗೆ ಸರಿಸಿ ಒರಗಿ ಕೂತರು. "ಸದ್ದು ಹೋಯ್ತಲ್ಲ. ಇನ್ನು ಇಲ್ಲೇ ಆರಾಮಾಗಿ ಇರ್ತೀನಿ."

ನಾನು ಸಾಹೇಬರ ಕೈ ಹಿಡಿದುಕೊಂಡು, ಸಾರ್, ಇನ್ನೊಂದೇ ಒಂದು ಸಲ ಅಳೆಯೋಕಾಗುತ್ತಾ ಅಂತ ಕೇಳಿದೆ. ಅವರು ಆಗಲೇ ಮುದ್ರೆ ಒತ್ತಿಬಿಟ್ಟಿದ್ದರು.